ಸ್ಟಂಪಾಗಿದ್ದ ವೀರಗಲ್ಲು

ಶಾಲೆಯ ಸಂಚಿಕೆಗೆ ಎರಡು ಪುಟ ಬರೆದುಕೊಡಿ ಅಂತ ಈಗಿನ ಹೆಡ್‌ಮಾಸ್ತರರು ಫೋನ್ ಮಾಡಿದಾಗ, ನಮ್ಮ ಇತಿಹಾಸದ ಮಾಸ್ತರು ತೀರಿಕೊಂಡು ಒಂದು ತಿಂಗಳೂ ಆಗಿರಲಿಲ್ಲ. ಬೇರೆ ಯಾರ ಬಗ್ಗೆ ಬರೆಯಲಿ?

ನಾವು ಅವರಿಗೆ ಇಟ್ಟಿದ್ದ ಹೆಸರು ‘ಬಲ್ಲಾಳ’. ಕಾರಣ ಸೊರಟೂರು ಯುದ್ಧ. ಪುಸ್ತಕದಲ್ಲಿ ಅದಕ್ಕೆ ಒಂದು ಸಾಲು ಇತ್ತೋ ಇಲ್ಲವೋ, ಮಾಸ್ತರಿಗೆ ಮಾತ್ರ ಒಂದು ವಾರ ಬೇಕಾಗುತ್ತಿತ್ತು. ಸೊರಟೂರು ನಮ್ಮ ಗದಗ ತಾಲೂಕಿನದೇ ಊರು, ಎಷ್ಟೋ ಹುಡುಗರಿಗೆ ಸೋದರಮಾವನ ಊರು. ಕಲ್ಯಾಣದ ಚಾಲುಕ್ಯರ ಹಿಡಿತ ಸಡಿಲಾದಾಗ ಈ ನೆಲಕ್ಕೆ ಉತ್ತರದಿಂದ ದೇವಗಿರಿಯ ಸೇವುಣರ ಭಿಲ್ಲಮ ಬಂದ, ದಕ್ಷಿಣದಿಂದ ಹೊಯ್ಸಳ ವೀರಬಲ್ಲಾಳ ಬಂದ. 1190ರ ಆಸುಪಾಸಿನಲ್ಲಿ ಇಬ್ಬರೂ ಅಲ್ಲಿ ಎದುರಾದರು. ಭಿಲ್ಲಮ ಸೋತ. ಬಲ್ಲಾಳ ಲಕ್ಕುಂಡಿಯಲ್ಲಿ ಬಿಡಾರ ಹೂಡಿದ. ಇಷ್ಟು ಹೇಳಲು ಮಾಸ್ತರು ಧೋತರ ಎತ್ತಿ ಕಟ್ಟಿ, ಅಂಗಳದ ಮಣ್ಣಿನಲ್ಲಿ ಚಪ್ಪಲಿ ತುದಿಯಿಂದ ತುಂಗಭದ್ರಾ, ಮಲಪ್ರಭಾ ಎರಡನ್ನೂ ಹರಿಸುತ್ತಿದ್ದರು. ಹಿಂದಿನ ಬೆಂಚಿನವರು ಸೈನ್ಯ. ನಾನು ಯಾವಾಗಲೂ ಆನೆ.

ಶಾಲೆಯ ಹಿಂದಿನ ಗುಡಿಯ ಪಕ್ಕ ಒಂದು ವೀರಗಲ್ಲು ನಿಂತಿತ್ತು. ನಮಗೆ ಅದು ಸ್ಟಂಪು. ಮೂರು ಪಟ್ಟಿ ಇದ್ದವಲ್ಲ, ಕೆಳಗಿನ ಎರಡಕ್ಕೆ ಚೆಂಡು ಬಡಿದರೆ ಔಟ್, ಮೇಲಿನದಕ್ಕೆ ಬಡಿದರೆ ನೋಬಾಲ್. ಒಂದು ಶನಿವಾರ ಔಟೋ ಅಲ್ಲವೋ ಅಂತ ಜಗಳ ಹತ್ತಿ, ಎ ವರ್ಗ ಬಿ ವರ್ಗ ಅಂಗಿ ಹರಿದುಕೊಳ್ಳುವವರೆಗೂ ಹೋಯಿತು. ಮಾಸ್ತರು ಯಾವಾಗ ಬಂದು ನಿಂತರೋ ಗೊತ್ತಿಲ್ಲ.

“ಔಟ್ ಆದಾಂವ ಯಾರಲೇ?”

ಎಲ್ಲರೂ ನನ್ನ ಕಡೆ ಕೈ ಮಾಡಿದರು. ಮಾಸ್ತರು ಕಲ್ಲಿನ ಕಡೆ ಕೈ ಮಾಡಿದರು.

“ಅಂವ ಎಂಟುನೂರು ವರ್ಷದ ಹಿಂದನ ಔಟ್ ಆಗ್ಯಾನ. ಮತ್ಯಾಕ ಹೊಡೀತೀರಿ ಅವಂಗ?”

ಛಡಿ ಏಟು ಬೀಳಲಿಲ್ಲ. ಬಾವಿಯಿಂದ ನೀರು ಸೇದಿಸಿ, ತೆಂಗಿನ ನಾರು ಕೊಟ್ಟು ಕಲ್ಲು ತಿಕ್ಕಿಸಿದರು. ಎಣ್ಣೆ ಜಿಡ್ಡು, ಸಗಣಿ ಹೋದ ಮೇಲೆ ಕೆಳಗಿನ ಪಟ್ಟಿಯಲ್ಲಿ ಕತ್ತಿ ಹಿಡಿದ ಒಬ್ಬ ಮನುಷ್ಯ, ಅವನ ಹಿಂದೆ ಆಕಳ ಸಾಲು ಕಂಡಿತು. ನಡುವೆ ಅಪ್ಸರೆಯರು ಅವನನ್ನು ಮೇಲಕ್ಕೆ ಒಯ್ಯುತ್ತಿದ್ದರು. ಮೇಲೆ ಲಿಂಗದ ಮುಂದೆ ಕೈಮುಗಿದು ಕೂತಿದ್ದ. ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಕಾದಾಡಿ ಸತ್ತವನು. “ಇಂವಗ ರಾಜ್ಯ ಬೇಕಾಗಿರಲಿಲ್ರಲೇ, ಆಕಳಾ ಬೇಕಾಗಿದ್ದವು” ಅಂದರು ಮಾಸ್ತರು.

ಹತ್ತನೇ ಇಯತ್ತೆಯಲ್ಲಿ ನರಗುಂದ ಗುಡ್ಡ ಹತ್ತಿಸಿದರು. ದತ್ತು ಒಪ್ಪದ ಇಂಗ್ಲಿಷರ ಮೇಲೆ ನರಗುಂದದ ಅರಸ ಬಾಬಾಸಾಹೇಬ 1858ರಲ್ಲಿ ತಿರುಗಿಬಿದ್ದದ್ದು, ಸುರೇಬಾನದಲ್ಲಿ ಇಂಗ್ಲಿಷ್ ಅಧಿಕಾರಿ ಮ್ಯಾನ್ಸನ್ ಸತ್ತದ್ದು, ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲಾದದ್ದು ಹೇಳುತ್ತ ಹೇಳುತ್ತ 1980ರ ರೈತರ ಬಂಡಾಯಕ್ಕೆ ಬಂದುಬಿಟ್ಟರು. ನೀರಿನ ಕರ, ಗೋಲಿಬಾರು. ಪರೀಕ್ಷೆಗೆ ಎರಡೂ ಬರಲಿಲ್ಲ. ನನಗೆ ಜಾಸ್ತಿ ನೆನಪಿರುವುದು ಅವತ್ತಿನ ಬುತ್ತಿ: ಕಡಕ್ ರೊಟ್ಟಿ, ಶೇಂಗಾ ಚಟ್ನಿ.

ಈಗ ನನ್ನ ಮಗಳಿಗೆ ಇತಿಹಾಸ ಅಂದರೆ ನಾಲ್ಕು ಉತ್ತರ, ಒಂದು ಟಿಕ್. ಅವಳ ಶಾಲೆಯ ಅಂಗಳಕ್ಕೆಲ್ಲ ಸಿಮೆಂಟ್ ಕಲ್ಲು ಹಾಸಿದ್ದಾರೆ. ಚಪ್ಪಲಿಯಿಂದ ನದಿ ಹರಿಸುವುದೆಲ್ಲಿ?

ನಾನು ಸರ್ವೇಯರ್ ಆದೆ. ನಮ್ಮದು ನಾವೇ ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ: ಇಪ್ಪತ್ತಾರು ವರ್ಷದಲ್ಲಿ ನಾನು ಹೊಲದ ಗಡಿಗೆ ನೆಡಿಸಿದ ಬಾಂದುಕಲ್ಲು ಕಿತ್ತು ಮತ್ತೆ ಅಳೆಯುವ ಪ್ರಸಂಗ ಬಂದದ್ದು ಎರಡೇ ಸಲ. ಗಡಿ ಗುರುತಿಸಲು, ಹದ್ದುಬಸ್ತಿಗೆ ಹೋದಾಗ ಅರ್ಧ ಗುಂಟೆ ಬದುವಿಗಾಗಿ ಅಣ್ಣತಮ್ಮಂದಿರು ಕುಡಗೋಲು ಹಿಡಿದು ನಿಂತರೆ ಆ ಕೆಳಗಿನ ಪಟ್ಟಿ ಕಣ್ಣ ಮುಂದೆ ಬರುತ್ತದೆ.

ಮಾಸ್ತರ ದಿನಕರ್ಮಕ್ಕೆ ಹೋದ ನಾವು ನಾಲ್ವರು ಗೆಳೆಯರು ಊಟ ಮುಗಿಸಿ ಗುಡಿ ಕಡೆ ನಡೆದೆವು. ಕಲ್ಲು ಅಲ್ಲೇ ಇತ್ತು, ಕೆಳಗಿನ ಪಟ್ಟಿ ಮಣ್ಣಿನಲ್ಲಿ ಹೂತಿತ್ತು. ಅದಕ್ಕೊಂದು ಎಮ್ಮೆ ಕಟ್ಟಿದ್ದರು. ಹಗ್ಗ ಬಿಚ್ಚಲು ಬಗ್ಗಿದೆ. ಎದುರು ಮನೆಯ ಕಟ್ಟೆಯಿಂದ ಒಬ್ಬ ಅಜ್ಜಿ ಕೂಗಿದಳು:

“ಏ ತಮ್ಮಾ, ಯಾರಪಾ ನೀ? ಆ ಜಾಗಾ ನಮ್ಮದೈತಿ!”