ಮಗಳ ಮೆಡಿಕಲ್ ಅರ್ಜಿ, ನನ್ನ ಎಕ್ಸೆಲ್ ಶೀಟು

ನಾವಿರುವುದು ವಿಂಡ್ಸರ್‌ನಲ್ಲಿ. ನದಿ ದಂಡೆಗೆ ಹೋದರೆ ಎದುರಿಗೇ ಡೆಟ್ರಾಯಿಟ್. ಕೆನಡಾದಲ್ಲಿ ನಿಂತು ಉತ್ತರಕ್ಕೆ ನೋಡಿದರೆ ಅಮೆರಿಕ ಕಾಣುವ ವಿಚಿತ್ರ ಊರು ಇದು. ಇಲ್ಲಿನ ಎಷ್ಟೋ ನರ್ಸ್‌ಗಳು ದಿನಾ ಸುರಂಗವನ್ನೋ ಸೇತುವೆಯನ್ನೋ ದಾಟಿ ಆಚೆಯ ಆಸ್ಪತ್ರೆಗಳಲ್ಲಿ ದುಡಿದು ಬರುತ್ತಾರೆ. ಹಾಗಾಗಿ ಮಗಳು "ಅಮ್ಮ, ಅಮೆರಿಕದ ಮೆಡಿಕಲ್ ಕಾಲೇಜುಗಳಿಗೂ ಹಾಕ್ತೀನಿ" ಅಂದಾಗ ಅದು ದೂರದ ಮಾತು ಅನ್ನಿಸಲಿಲ್ಲ. ದುಡ್ಡಿನ ಮಾತು ಅನ್ನಿಸಿತು. ನಾನು ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡುವವಳು. ಅವತ್ತು ರಾತ್ರಿಯೇ ಒಂದು ಎಕ್ಸೆಲ್ ಶೀಟ್ ತೆರೆದೆ.

ಈಗ ಆ ಶೀಟ್ ಕೇಳಿಕೊಂಡು ಪರಿಚಯದವರ ಫೋನ್ ಬರುತ್ತದೆ. ಎಲ್ಲರೂ ಮೊದಲು ಕೇಳುವುದು "ಎಂಸಿಎಟಿ ಎಷ್ಟು ಬರಬೇಕು?" ಅಂತ, ಅಂದರೆ ಮೆಡಿಕಲ್ ಪ್ರವೇಶ ಪರೀಕ್ಷೆಯ ಸ್ಕೋರು. ನಾನಾದರೆ ಸಾಲ ಯಾರು ಕೊಡುತ್ತಾರೆ ಅಂತ ಮೊದಲು ಕೇಳುತ್ತೇನೆ. ಓದು ಮುಗಿದ ಮೇಲೆ ಯಾವ ದೇಶದ ಕ್ಯೂನಲ್ಲಿ ನಿಲ್ಲಬಹುದು ಅನ್ನುವುದು ಅದರ ನಂತರ. ಸ್ಕೋರಿನ ಮಾತು ಆಮೇಲೆ.

ಶಿವಮೊಗ್ಗದ ನಮ್ಮಣ್ಣನಿಗೆ ಇದೆಲ್ಲ ತಲೆಹರಟೆ. "ಪಿಯುಸಿ ವಯಸ್ಸಿಗೇ ಇಲ್ಲಿ ನೀಟ್ ಬರೆಸಿದ್ರೆ ಇಷ್ಟೊತ್ತಿಗೆ ಫೈನಲ್ ಇಯರ್‌ನಲ್ಲಿ ಇರ್ತಿದ್ಲು ಕಣೇ. ಎನ್‌ಆರ್‌ಐ ಕೋಟಾ ಇರೋದ್ಯಾಕೆ?" ಅಂತ ಪ್ರತಿ ಭಾನುವಾರ ಶುರು. ಅಣ್ಣ ಹೇಳುವುದು ಅಲ್ಲಿಗೆ ಸರಿ. ಆದರೆ ಕೆನಡಾದಲ್ಲಿ ಹುಟ್ಟಿದ ಹುಡುಗಿ ಕರ್ನಾಟಕದಲ್ಲಿ ಎಂಬಿಬಿಎಸ್ ಮಾಡಿ ವಾಪಸ್ ಬಂದರೂ ವಿದೇಶಿ ಪದವೀಧರೆಯೇ. ಇಲ್ಲಿ ರೆಸಿಡೆನ್ಸಿ, ಅಂದರೆ ಪದವಿ ಮುಗಿದ ಮೇಲಿನ ಆಸ್ಪತ್ರೆ ತರಬೇತಿಯ ಸೀಟು, ಹಂಚುವ ಸಂಸ್ಥೆ ಕಾರ್ಮ್ಸ್. ಅದರಲ್ಲಿ ವಿದೇಶಿ ಪದವೀಧರರಿಗೆ ಬೇರೆಯೇ ಸಾಲು, ಕಡಿಮೆ ಸೀಟು. ಕೆರಿಬಿಯನ್ ದ್ವೀಪಗಳ ಕಾಲೇಜುಗಳಿಗೂ ಇದೇ ಮಾತು. ಅಮೆರಿಕದ ಎಂಡಿ (ಡಿಗ್ರಿ ಆದ ಮೇಲೆ ಓದುವ ಮೊದಲ ವೈದ್ಯ ಪದವಿಗೆ ಅಲ್ಲಿ ಹಾಗನ್ನುತ್ತಾರೆ) ಮಾತ್ರ ಹಾಗಲ್ಲ. ಮೆಡಿಕಲ್ ಕಾಲೇಜುಗಳಿಗೆ ಮಾನ್ಯತೆ ಕೊಡುವ ಅಲ್ಲಿಯ ಸಂಸ್ಥೆ ಎಲ್‌ಸಿಎಂಇ. ಅದರ ಮಾನ್ಯತೆ ಇರುವ ಕಾಲೇಜಿನಲ್ಲಿ ಓದಿದವರನ್ನು ಕಾರ್ಮ್ಸ್ ನಮ್ಮವರ ಜೊತೆಗೇ ನಿಲ್ಲಿಸುತ್ತಾ ಬಂದಿದೆ. ನಮ್ಮ ಮನೆಯಲ್ಲಿ ಇಡೀ ಯೋಚನೆ ಇದೊಂದು ಸಂಗತಿಯ ಮೇಲೆ ನಿಂತಿತ್ತು.

ಹಾಗಾದರೆ ನಮ್ಮ ಪ್ರಾಂತ್ಯ ಒಂಟಾರಿಯೊದಲ್ಲೇ ಓದಬಾರದಾ? ಓದಬಹುದು, ಸೀಟು ಸಿಕ್ಕರೆ. ಅವಳು ಅರ್ಜಿ ಹಾಕಿದ ವರ್ಷ ಇಡೀ ಪ್ರಾಂತ್ಯಕ್ಕೆ ಆರು ಮೆಡಿಕಲ್ ಸ್ಕೂಲ್. ಬೇರೆ ಪ್ರಾಂತ್ಯದವರು ಹೆಚ್ಚಿನ ಸೀಟುಗಳನ್ನು ತಮ್ಮ ಮಕ್ಕಳಿಗೇ ಇಟ್ಟುಕೊಳ್ಳುತ್ತಾರೆ. ಈಗ ಹಾಕುವವರಿಗೆ ಸ್ವಲ್ಪ ವಾಸಿ. 2025ರಲ್ಲಿ ಬ್ರಾಂಪ್ಟನ್‌ನಲ್ಲಿ ಹೊಸ ಸ್ಕೂಲ್ ಶುರುವಾಯಿತು. 2026ರಿಂದ ಒಂಟಾರಿಯೊ ಕೂಡ 95 ಶೇಕಡಾ ಸೀಟು ಇಲ್ಲಿಯವರಿಗೆ ಅಂತ ಹೇಳಿದೆ.

ಅಂಕದ ವಿಷಯದಲ್ಲಿ ಒಂದು ಮಜಾ ಇದೆ. ಮಗಳು ಡಿಗ್ರಿ ಓದಿದ್ದು ಹ್ಯಾಮಿಲ್ಟನ್‌ನ ಮೆಕ್‌ಮಾಸ್ಟರ್‌ನಲ್ಲಿ, ಅಲ್ಲಿ 12 ಪಾಯಿಂಟ್ ಲೆಕ್ಕ. ಒಂಟಾರಿಯೊದ ಅರ್ಜಿ ವ್ಯವಸ್ಥೆ ಓಮ್‌ಸಾಸ್ 12ಕ್ಕೆ ಮಾತ್ರ ಪೂರ್ತಿ 4.0 ಕೊಡುತ್ತದೆ, 11 ಬಂದರೆ 3.9. ಅಮೆರಿಕದ ಆಮ್‌ಕಾಸ್‌ಗೆ ಎ ಪ್ಲಸ್ (12) ಕೂಡ ಒಂದೇ, ಎ (11) ಕೂಡ ಒಂದೇ, ಎರಡಕ್ಕೂ 4.0. ಸಾಲು ಸಾಲು 11 ಇದ್ದ ಹುಡುಗಿ ನದಿ ದಾಟಿದ ಕೂಡಲೇ ಜಾಣೆಯಾದಳು! ಆದರೆ ಆಮ್‌ಕಾಸ್ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಗಣಿತದ ಸರಾಸರಿಯನ್ನು ಬೇರೆ ತೆಗೆಯುತ್ತದೆ. ಅಲ್ಲಿ ಮೊದಲ ವರ್ಷದ ಫಿಸಿಕ್ಸ್ ಬಂದು ಸ್ವಲ್ಪ ಕಾಟ ಕೊಟ್ಟಿತು. ಎಂಸಿಎಟಿಯಲ್ಲೂ ಹೀಗೆ. ಮೆಕ್‌ಮಾಸ್ಟರ್ ಮೆಡಿಕಲ್ ಸ್ಕೂಲಿಗೆ ಕಾರ್ಸ್ ಅನ್ನುವ ಓದಿ ಅರ್ಥ ಮಾಡಿಕೊಳ್ಳುವ ಭಾಗ ಒಂದೇ ಸಾಕು. ಒಟ್ಟಾವಾಗೆ ಪರೀಕ್ಷೆಯೇ ಬೇಡ. ಅಮೆರಿಕದವರು ನಾಲ್ಕೂ ಭಾಗ ಸೇರಿಸಿ 528ಕ್ಕೆ ಎಷ್ಟು ಅಂತ ನೋಡುತ್ತಾರೆ.

ಕಾಲೇಜುಗಳ ಪಟ್ಟಿ ಮಾಡಲು ಅಮೆರಿಕದ ಮೆಡಿಕಲ್ ಕಾಲೇಜುಗಳ ಸಂಘ ಎಎಎಂಸಿಯ ಎಂಎಸ್‌ಎಆರ್ ಅನ್ನುವ ಮಾಹಿತಿ ಸಂಗ್ರಹಕ್ಕೆ ದುಡ್ಡು ಕಟ್ಟಿ ತೆಗೆದುಕೊಳ್ಳಿ. ಇದರಲ್ಲಿ ಜಿಪುಣತನ ಬೇಡ. ಕೆನಡಾದವರನ್ನು ತೆಗೆದುಕೊಳ್ಳುತ್ತಾರಾ ಅಂತ ಪ್ರತಿ ಕಾಲೇಜಿನ ಕೆಳಗೆ ಬರೆದಿರುತ್ತದೆ. ಕೆಲವರು ನಮ್ಮನ್ನು ತಮ್ಮವರಂತೆಯೇ ನೋಡುತ್ತಾರೆ, ಕೆಲವರು ವಿದೇಶಿಯರ ಜೊತೆ ಸೇರಿಸುತ್ತಾರೆ, ಬಹಳಷ್ಟು ಸರಕಾರಿ ಕಾಲೇಜುಗಳು ಅರ್ಜಿಯನ್ನೇ ನೋಡುವುದಿಲ್ಲ. ಟೆಕ್ಸಾಸ್‌ನಲ್ಲಿ 90 ಶೇಕಡಾ ಸೀಟು ಆ ರಾಜ್ಯದವರಿಗೇ. ಅತ್ತ ಹಾರ್ವರ್ಡ್, ಯೇಲ್, ಜಾರ್ಜ್‌ಟೌನ್, ಡಾರ್ಟ್‌ಮತ್, ನಮ್ಮ ಎದುರು ದಂಡೆಯ ವೇಯ್ನ್ ಸ್ಟೇಟ್ ಕೆನಡಾದವರನ್ನು ತೆಗೆದುಕೊಂಡಿವೆ. ಹೆಸರು ದೊಡ್ಡದು ಅಂತ ಸುಮ್ನೆ ಪಟ್ಟಿ ಬೆಳೆಸಬೇಡಿ. ಮೊದಲ ಕಾಲೇಜಿಗೆ 175 ಡಾಲರ್, ಆಮೇಲೆ ಪ್ರತಿಯೊಂದಕ್ಕೂ 45ರ ಮೇಲೆ. ಸೆಕೆಂಡರಿ ಅಂತ ಪ್ರಬಂಧ ಬರೆಸುವಾಗ ಬಹುಪಾಲು ಕಡೆ ಮತ್ತೆ 100ರ ಹತ್ತಿರ. ಎಲ್ಲ ಅಮೆರಿಕನ್ ಡಾಲರ್. ಎಎಎಂಸಿಯ ಫೀ ರಿಯಾಯಿತಿ ನಮಗಿಲ್ಲ.

ಇನ್ನೊಂದು ಕಿರಿಕಿರಿ ಶ್ಯಾಡೋಯಿಂಗ್, ಅಂದರೆ ಡಾಕ್ಟರ ಹಿಂದೆ ನಿಂತು ಕೆಲಸ ನೋಡುವುದು. ಅಲ್ಲಿಯವರು ಇದನ್ನು ಮಾಡಿಯೇ ಇರುತ್ತಾರೆ ಅಂದುಕೊಂಡು ಪ್ರಶ್ನೆ ಕೇಳುತ್ತಾರೆ. ಇಲ್ಲಿ ಪದವಿ ಓದುವ ಹುಡುಗರನ್ನು ಆಸ್ಪತ್ರೆಯವರು ಅಷ್ಟು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಇವಳು ವೃದ್ಧಾಶ್ರಮದಲ್ಲಿ ಊಟ ಬಡಿಸುತ್ತಿದ್ದಳು, ಅದನ್ನೇ ಬರೆದಳು. ಇಂಟರ್‌ವ್ಯೂನಲ್ಲಿ ಅವರು ಜಾಸ್ತಿ ಕೇಳಿದ್ದೂ ಅದರ ಬಗ್ಗೆಯೇ.

ಈಗ ದುಡ್ಡು. ಒಂಟಾರಿಯೊದಲ್ಲಿ ವರ್ಷದ ಮೆಡಿಕಲ್ ಫೀ 25 ಸಾವಿರ ಕೆನಡಾ ಡಾಲರಿನ ಆಸುಪಾಸು. ಅಮೆರಿಕದ ಖಾಸಗಿ ಕಾಲೇಜಿನಲ್ಲಿ ಫೀ, ಊಟ, ಬಾಡಿಗೆ ಸೇರಿ ವರ್ಷಕ್ಕೆ 90 ಸಾವಿರ, ಒಂದು ಲಕ್ಷ ಅಮೆರಿಕನ್ ಡಾಲರ್. ಅಲ್ಲಿಯ ಕೇಂದ್ರ ಸರಕಾರದ ಸಾಲ ನಮಗೆ ಸಿಗುವುದಿಲ್ಲ. ಖಾಸಗಿ ಸಾಲಕ್ಕೆ ಅಮೆರಿಕದ ಪೌರರೋ ಗ್ರೀನ್ ಕಾರ್ಡ್ ಇರುವವರೋ ಜಾಮೀನು ನಿಲ್ಲಬೇಕು. ನ್ಯೂಜೆರ್ಸಿಯಲ್ಲಿರುವ ನಮ್ಮ ನಾದಿನಿಯ ಗಂಡ ಸಹಿ ಹಾಕ್ತೀನಿ ಅಂದರು. ನಾವೇ ಬೇಡ ಅಂದೆವು. ಅಷ್ಟು ದೊಡ್ಡ ಸಾಲಕ್ಕೆ ನೆಂಟರನ್ನು ಸಿಕ್ಕಿಸಿದ ಮೇಲೆ ಹಬ್ಬಕ್ಕೆ ಅವರ ಮನೆಗೆ ಯಾವ ಮುಖ ಹೊತ್ತು ಹೋಗುವುದು? ಕೆನಡಾದ ಬ್ಯಾಂಕುಗಳು ಮೆಡಿಕಲ್ ವಿದ್ಯಾರ್ಥಿಗಳಿಗೆ ಲೈನ್ ಆಫ್ ಕ್ರೆಡಿಟ್, ಅಂದರೆ ಒಂದು ಮಿತಿಯೊಳಗೆ ಬೇಕಾದಾಗ ತೆಗೆಯುವ ಸಾಲ, ಕೊಡುತ್ತವೆ. ಒಂದು ಬ್ಯಾಂಕಿನವರು ಮೊದಲು ಹೂಂ ಅಂದು, ಅಮೆರಿಕದ ಕಾಲೇಜು ಅಂತ ಗೊತ್ತಾದ ಮೇಲೆ ಮಿತಿ ಇಳಿಸಿ ನಮ್ಮಿಬ್ಬರ ಸಹಿ ಕೇಳಿದರು. ಇನ್ನೊಂದು ಕಡೆ ಪರವಾಗಿಲ್ಲ ಅನ್ನುವಷ್ಟು ಸಿಕ್ಕಿತು. ಉಳಿದದ್ದಕ್ಕೆ ಮನೆಯ ಮೇಲೆ ತೆಗೆದೆವು. ಕಾಲೇಜು ಅವರ ಪಟ್ಟಿಯಲ್ಲಿದ್ದರೆ ಒಂಟಾರಿಯೊ ಸರಕಾರದ ವಿದ್ಯಾರ್ಥಿ ನೆರವು ಓಸಾಪ್ ಕೂಡ ಸ್ವಲ್ಪ ಕೊಡುತ್ತದೆ, ಈ ಮೊತ್ತಕ್ಕೆ ಅದು ಎಲ್ಲಿಗೂ ಸಾಲದು.

ಎಸ್ಕ್ರೋ ಅನ್ನುವ ಪದ ನನಗೆ ಕೆಲಸದಲ್ಲಿ ಗೊತ್ತಿತ್ತು, ಮಗಳ ಓದಿನಲ್ಲಿ ಬರುತ್ತದೆ ಅಂದುಕೊಂಡಿರಲಿಲ್ಲ. ಕೆಲವು ಕಾಲೇಜುಗಳು ವಿದೇಶಿ ವಿದ್ಯಾರ್ಥಿಯಿಂದ ಒಂದು ವರ್ಷದ ಹಣವನ್ನು, ಕೆಲವು ನಾಲ್ಕೂ ವರ್ಷದ ಹಣವನ್ನು ಮೊದಲೇ ಬೇರೆ ಖಾತೆಯಲ್ಲಿ ಇಡಿಸುತ್ತವೆ. ನಾಲ್ಕು ವರ್ಷದ್ದು ಕೇಳುವ ಕಾಲೇಜುಗಳಿಗೆ ನನ್ನ ಶೀಟಿನಲ್ಲಿ ಕೆಂಪು ಬಣ್ಣ ಬಳಿದೆ, ಅವುಗಳಿಗೆ ಅರ್ಜಿಯನ್ನೇ ಹಾಕಲಿಲ್ಲ. ಮಗಳು ಮುಖ ಊದಿಸಿಕೊಂಡಳು. ಬಣ್ಣ ಬದಲಾಗಲಿಲ್ಲ.

ಕ್ಯಾಲೆಂಡರಿನ ತಿಕ್ಕಾಟ ಇನ್ನೊಂದು. ಆಮ್‌ಕಾಸ್ ಕಳಿಸುವುದು ಮೇ ಕೊನೆ, ಜೂನ್ ಶುರುವಿನಲ್ಲಿ. ಬೇಗ ಕಳಿಸಿದವರಿಗೆ ಬೇಗ ಕರೆ, ಆದ್ದರಿಂದ ತಡ ಮಾಡಬಾರದು. ಓಮ್‌ಸಾಸ್ ಗಡುವು ಅಕ್ಟೋಬರ್ ಶುರುವಿಗೆ. ಇಲ್ಲಿ ಅರ್ಜಿ ಮುಗಿಸುವ ಹೊತ್ತಿಗೆ ಅಲ್ಲಿ ಇಂಟರ್‌ವ್ಯೂ ನಡೆಯುತ್ತಿರುತ್ತವೆ. ಅಮೆರಿಕದ ಸೀಟು ಹಿಡಿದವರು ಏಪ್ರಿಲ್ 30ರೊಳಗೆ ಒಂದೇ ಕಾಲೇಜು ಆರಿಸಿಕೊಳ್ಳಬೇಕು. ಒಂಟಾರಿಯೊದ ಫಲಿತಾಂಶ ಬರುವುದು ಮೇ ತಿಂಗಳ ಎರಡನೇ ಮಂಗಳವಾರ! ಆ ಮಧ್ಯದ ದಿನಗಳಲ್ಲಿ ನಮ್ಮ ಮನೆಯವರು ಬೆಳಗಿನ ಕಾಫಿಗೂ ಮಾತಾಡುತ್ತಿರಲಿಲ್ಲ. ಅಲ್ಲಿ ಡಿಪಾಸಿಟ್ ಕಟ್ಟಿಟ್ಟು ಇಲ್ಲಿಯದಕ್ಕೆ ಕಾಯುವುದೇ ದಾರಿ. ಇಲ್ಲಿ ಸಿಕ್ಕರೆ ಅಲ್ಲಿಯ ಡಿಪಾಸಿಟ್ ಹೋಯಿತು ಅಂದುಕೊಳ್ಳುವುದು. ಮಂಗಳವಾರ ವೇಟ್‌ಲಿಸ್ಟ್ ಬಂತು, ಅದು ಮುಂದೆ ಸರಿಯಲಿಲ್ಲ. ಮಗಳು ಆಚೆ ದೇಶಕ್ಕೆ ಹೊರಟಳು. ವೀಸಾ ಸ್ಟಾಂಪ್ ಕೆನಡಾದವರಿಗೆ ಬೇಡ. ಕಾಲೇಜು ಕೊಡುವ ಐ-20 ಪತ್ರ, 350 ಡಾಲರಿನ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ನೋಂದಣಿ) ಫೀ ರಸೀದಿ, ಹಣದ ದಾಖಲೆ ತೋರಿಸಿದರೆ ಗಡಿಯಲ್ಲೇ ಎಫ್-1 ಅನ್ನುವ ವಿದ್ಯಾರ್ಥಿ ದರ್ಜೆ ಕೊಡುತ್ತಾರೆ.

ಓದು ಮುಗಿದ ಮೇಲೆ ಅಲ್ಲೇ ಉಳಿಯಬಹುದಲ್ವಾ ಅಂತ ಕೇಳುತ್ತಾರೆ. ಉಳಿಯಬಹುದು, ಸ್ಟಾಂಪ್ ಬೇಡದಿದ್ದರೂ ಅಲ್ಲಿ ರೆಸಿಡೆನ್ಸಿ ಮಾಡಲು ಒಂದು ವೀಸಾ ದರ್ಜೆ ಬೇಕು. ಜೆ-1 ಆದರೆ ಇಂಥ ಡಾಕ್ಟರು ನಮಗೆ ಬೇಕು ಅಂತ ಹೆಲ್ತ್ ಕೆನಡಾದಿಂದ ಸ್ಟೇಟ್‌ಮೆಂಟ್ ಆಫ್ ನೀಡ್ ತರಬೇಕು, ತರಬೇತಿ ಮುಗಿದ ಮೇಲೆ ಎರಡು ವರ್ಷ ಕೆನಡಾಕ್ಕೆ ಮರಳಬೇಕು, ಇಲ್ಲವೇ ವಿನಾಯಿತಿ ಪಡೆಯಬೇಕು. ಎಚ್-1ಬಿಗೆ ಅಮೆರಿಕದ ವೈದ್ಯ ಲೈಸೆನ್ಸ್ ಪರೀಕ್ಷೆಯ ಸ್ಟೆಪ್ 3 ಪಾಸಾಗಿರಬೇಕು, ಆಸ್ಪತ್ರೆಗೂ ಮನಸ್ಸಿರಬೇಕು. 2025ರ ಜುಲೈ 1ರಿಂದ ಕೆನಡಾದ ಕಾಲೇಜುಗಳಿಗೆ ಎಲ್‌ಸಿಎಂಇ ಮಾನ್ಯತೆ ನಿಂತಿದೆ. ಇಲ್ಲಿ ಓದಿ ಅಲ್ಲಿಗೆ ಹೋಗುವವರು ಈಗ ವಿದೇಶಿ ಪದವೀಧರರಿಗೆ ಪ್ರಮಾಣಪತ್ರ ಕೊಡುವ ಇಸಿಎಫ್‌ಎಂಜಿ ದಾರಿ ಹಿಡಿಯಬೇಕು. ಅಲ್ಲಿ ಓದಿದ ಮಗಳಿಗೆ ಅದು ತಟ್ಟುವುದಿಲ್ಲ. ಆದರೂ ಪ್ರತಿ ವರ್ಷ ಕಾರ್ಮ್ಸ್‌ನ ನಿಯಮ ಓದುತ್ತೇನೆ, ಪ್ರಾಂತ್ಯಕ್ಕೊಂದು ತಿದ್ದುಪಡಿ ಬರುತ್ತಿರುತ್ತದೆ.

ಶೀಟಿಗೆ ಈಗ ಹೊಸ ಟ್ಯಾಬ್ ಸೇರಿದೆ. ಕಾರ್ಮ್ಸ್ ಫಲಿತಾಂಶ ಅಮೆರಿಕದ ರೆಸಿಡೆನ್ಸಿ ಹಂಚಿಕೆ ಮ್ಯಾಚ್‌ಗಿಂತ ಮೊದಲು ಬರುತ್ತದೆ. ಇಲ್ಲಿ ಸೀಟು ಬಿದ್ದರೆ ಅಲ್ಲಿಯ ಪಟ್ಟಿಯಿಂದ ಹೆಸರು ಹೋಗುತ್ತದೆ. ಎರಡೂ ಕಡೆ ಹಾಕಬಹುದು, ಆದರೆ ಆರಿಸುವ ಅವಕಾಶ ಇಲ್ಲ. ನನಗೆ ಇಲ್ಲಿಗೇ ಬರಲಿ ಅಂತ ಆಸೆ. ಅವಳು ಎರಡನೇ ವರ್ಷದಲ್ಲಿದ್ದಾಳೆ, ಮಕ್ಕಳ ವಿಭಾಗ ಅಂತ ಒಂದು ತಿಂಗಳು, ಸರ್ಜರಿ ಅಂತ ಇನ್ನೊಂದು ತಿಂಗಳು ಹೇಳುತ್ತಾಳೆ. ನಾನು ಎರಡೂ ದೇಶದ ಕಾಲಂ ತುಂಬಿಸುತ್ತಿದ್ದೇನೆ.