ಕರೆಂಟ್ ಬಂತು ಅಂತ ಸ್ಟಿರರ್ ಹಚ್ಚಬೇಡಿ

ಕುಡತಿನಿ ಥರ್ಮಲ್ ಪ್ಲಾಂಟ್ ಇರುವ ಜಿಲ್ಲೆಯಲ್ಲೇ, ಚಿಕಿತ್ಸೆಗೆ ರಕ್ತನಾಳ ಮುಚ್ಚಲು ಬಳಸುವ ಸಣ್ಣ ಮಣಿ ಮಾಡುವ ನಮ್ಮ ಯೂನಿಟ್ ಇದ್ದರೂ ಕರೆಂಟ್ ಹೋಗುವುದು ತಪ್ಪಿಲ್ಲ. ಯುಪಿಎಸ್ ಇದೆ, ಅದರ ಲೈನು ಮ್ಯಾನೇಜರ್ ಕ್ಯಾಬಿನ್ನಿಗೆ, ಬ್ಯಾಚನ್ನು ಕಲಕುವ ಸ್ಟಿರರಿಗಲ್ಲ. ಈ ಸಲ ಹೋದದ್ದು ಹನಿಗಳನ್ನು ಗಟ್ಟಿ ಮಾಡುವ ಕ್ರಾಸ್‌ಲಿಂಕರ್ ಗ್ಲುಟರಾಲ್ಡಿಹೈಡ್ ಹಾಕಿ ಸ್ವಲ್ಪ ಹೊತ್ತಿಗೆ.

ಅಲ್ಲಿಯವರೆಗೆ ಬ್ಯಾಚಿನಲ್ಲಿ ತಕರಾರಿರಲಿಲ್ಲ. ಪಿವಿಎ (ಪಾಲಿವಿನೈಲ್ ಆಲ್ಕೋಹಾಲ್) ಪುಡಿಯನ್ನು ತಣ್ಣೀರಿಗೆ ಉದುರಿಸಿ, ಆಮೇಲೆ 90 ಡಿಗ್ರಿಗೆ ಏರಿಸಿ ಶೇ 10ರ ದ್ರಾವಣ ಮಾಡಿದ್ದೆವು. ಬಿಸಿನೀರಿಗೇ ಸುರಿದರೆ ಮೇಲೆ ಅಂಟುಗಟ್ಟಿ ಒಳಗೆ ಒಣಪುಡಿ ಉಳಿಯುತ್ತದೆ. ಗುಳ್ಳೆ ಹೋಗಲೆಂದು ರಾತ್ರಿಯಿಡೀ ಇಟ್ಟು, ಹನಿಗಳನ್ನು ಬೇರೆಬೇರೆ ಇಡಲು ನೆರವಾಗುವ ಸ್ಪ್ಯಾನ್ 80 ಬೆರೆಸಿದ ಲಿಕ್ವಿಡ್ ಪ್ಯಾರಫಿನ್ ಎಣ್ಣೆಗೆ ಬಿಟ್ಟು, ಹನಿಯ ಗಾತ್ರ ನೋಡಿ ಆರ್‌ಪಿಎಂ ಹೊಂದಿಸಿದ್ದಾಗಿತ್ತು.

ಹನಿ ನೀರಾಗಿರುವಾಗ ಒಂದಕ್ಕೊಂದು ಕೂಡಿದರೂ ತಿರುಗಿಸಿದರೆ ಮತ್ತೆ ಒಡೆಯುತ್ತದೆ. ಪೂರ್ತಿ ಗಟ್ಟಿಯಾದ ಮೇಲೆ ತಾಗಿದರೂ ಅಂಟುವುದಿಲ್ಲ. ಕಷ್ಟ ಇರುವುದು ನಡುವಿನ ಅಂಟು ಹೊತ್ತಿನಲ್ಲಿ. ಆಗ ಸ್ಟಿರರ್ ನಿಂತರೆ, ಪ್ಯಾರಫಿನ್ನಿಗಿಂತ ಭಾರವಾದ ಹನಿಗಳೆಲ್ಲ ತಳಕ್ಕೆ ಕೂತು ಒಂದನ್ನೊಂದು ಹಿಡಿದುಕೊಳ್ಳುತ್ತವೆ, ಗಟ್ಟಿಯಾಗಿಸುವ ಕ್ರಾಸ್‌ಲಿಂಕಿಂಗ್ ಮಾತ್ರ ನಡೆದೇ ಇರುತ್ತದೆ.

ಕರೆಂಟ್ ಬಂತು. "ಹಚ್ಚಲೇನ್ರಿ ಸರ?" ಅಂದ ಆಪರೇಟರ್. "ಹಚ್ಚಪ್ಪಾ, ಏನಾಗಲ್ಲ" ಅಂದರು ಸೂಪರ್‌ವೈಸರ್. ಹಳೇ ಆರ್‌ಪಿಎಂನಲ್ಲೇ ತಿರುಗಿತು. ಅರೆಗಟ್ಟಿ ಮುದ್ದೆಯನ್ನು ಬ್ಲೇಡು ಹರಿದು ಹಾಕಿತು.

ತೊಳೆದು ಜರಡಿ ಹಿಡಿದರೆ 300–500 ಮೈಕ್ರಾನಿನ ಕಟ್‌ನಲ್ಲಿ ಈಲ್ಡ್ (ಸಿಕ್ಕ ಮಾಲು) ಎಂದಿನಷ್ಟೇ! ಎಲ್ಲರಿಗೂ ಖುಷಿ. ಆದರೆ ಜರಡಿ ಅಳೆಯುವುದು ಅಗಲವನ್ನು, ಉದ್ದವನ್ನಲ್ಲ. 400 ಮೈಕ್ರಾನ್ ಅಗಲದ, 1 ಮಿ.ಮೀ. ಉದ್ದದ ಚೂರು ನೆಟ್ಟಗೆ ನಿಂತು ಕಣ್ಣಿನಿಂದ ಇಳಿದುಬಿಡುತ್ತದೆ. 4ಎಕ್ಸ್ ಲೆನ್ಸಿನಡಿ ನೋಡಿದಾಗ ದುಂಡು ಮಣಿಗಳ ಮಧ್ಯೆ ಒಡೆದ ಬಳೆಯಂಥ ಚೂಪು ಚೂರುಗಳು, ಸೊಂಟ ಅಂಟಿದ ಜೋಡಿ ಮಣಿಗಳು. "ಇನ್ನೊಮ್ಮೆ ಜರಡಿ ಹಿಡೀರಿ" ಎಂಬ ಆದೇಶ ಬಂತು. ಅದೇ ಕಣ್ಣು, ಅದೇ ಚೂರು.

ಮಣಿಗಳನ್ನು ರಕ್ತನಾಳಕ್ಕೆ ಬಿಡುವ ಸಣ್ಣ ಕೊಳವೆ, ಅಂದರೆ ಮೈಕ್ರೋಕ್ಯಾಥೆಟರಿನ ಒಳವ್ಯಾಸ ಸುಮಾರು 0.6–0.7 ಮಿ.ಮೀ. ಅಂಥ ಚೂರು ಅಡ್ಡ ಸಿಕ್ಕಿದರೆ ಡಾಕ್ಟರು ಸಿರಿಂಜ್ ಒತ್ತುತ್ತಾರೆ, ಕಟ್ಟಿದ್ದು ಒಮ್ಮೆಲೇ ನುಗ್ಗಿ ಹಿಂದಕ್ಕೆ ಚಿಮ್ಮಿ ಮುಚ್ಚಬಾರದ ನಾಳವನ್ನು ಮುಚ್ಚಬಹುದು. ಬ್ಯಾಚ್ ರಿಜೆಕ್ಟ್ ಆಯಿತು.

ಈಗ ಕೆಲಸದ ವಿಧಾನ ಬರೆದಿಡುವ ಎಸ್‌ಒಪಿಯಲ್ಲಿ ಹೀಗಿದೆ: ಗ್ಲುಟರಾಲ್ಡಿಹೈಡ್ ಹಾಕುವ ಮೊದಲು ನಿಂತರೆ ಮತ್ತೆ ಹಚ್ಚಿ, ಗಾತ್ರ ನೋಡಿ ಮುಂದುವರಿಸಿ. ಹಾಕಿದ ಮೇಲೆ ನಿಂತರೆ ಸ್ವಿಚ್ ಮುಟ್ಟುವ ಮುಂಚೆ ಒಂದು ಹನಿ ಸ್ಲೈಡಿನ ಮೇಲೆ ತೆಗೆದು ಕವರ್‌ಸ್ಲಿಪ್‌ನಿಂದ ಮೆಲ್ಲಗೆ ಒತ್ತಿ. ಮಣಿಗಳು ಬಿಡಿಬಿಡಿಯಾಗಿ ಪುಟಿದರೆ ನಿಧಾನಕ್ಕೆ ಶುರು ಮಾಡಿ. ಅಂಟಿಕೊಂಡರೆ ಬ್ಯಾಚನ್ನೇ ಕೈಬಿಡಿ. ಜರಡಿಯಾದ ಮೇಲೆ ಈಲ್ಡ್ ಬರೆಯುವ ಮುನ್ನ ಮೈಕ್ರೋಸ್ಕೋಪ್.

ಯುಪಿಎಸ್ ಲೈನ್ ಎಳೆಯುವ ಫೈಲು ಇನ್ನೂ ಪರ್ಚೇಸ್‌ನಲ್ಲಿದೆ. ಅಲ್ಲಿಯವರೆಗೆ ಕ್ರಾಸ್‌ಲಿಂಕರ್ ಹಾಕುವ ಮುಂಚೆಯೇ ಡಿಜಿ (ಡೀಸೆಲ್ ಜನರೇಟರ್) ಹಚ್ಚಿಡುತ್ತೇವೆ. ಡೀಸೆಲ್ ಖರ್ಚು ಯಾಕೆ ಎಂದು ಕೇಳಿದ ಅಕೌಂಟ್ಸ್‌ನವರಿಗೆ ಆ 4ಎಕ್ಸ್ ಫೋಟೊ ಲಗತ್ತಿಸಿ ಕಳಿಸಿದ್ದೇವೆ.