ಎರಡು ತೂತು, ಎರಡು ಸಲ

ಅಪ್ಪನ ಎಡಗಾಲಿನ ಹವಾಯಿ ಚಪ್ಪಲಿ ನಡೆಯುತ್ತಿರುವಾಗಲೇ ಕಳಚಿ ಹಿಂದೆ ಉಳಿಯತೊಡಗಿದ್ದು ಅಡಿಕೆ ಸುಲಿಯುವ ದಿನಗಳಲ್ಲಿ. ಉಳಿದದ್ದು ಅವನಿಗೆ ಗೊತ್ತೇ ಆಗುತ್ತಿರಲಿಲ್ಲ. ಒಂದು ಕಾಲು ಬರಿಗಾಲಾಗಿ ಅಂಗಳ ದಾಟಿರುತ್ತಿದ್ದ. ಕೇಳಿದರೆ, "ಎಂತೂ ಆಜಿಲ್ಲೆ, ಚಪ್ಪಲಿ ಹಳೇದಾತು." ಹೊಸ ಜೋಡಿ ತಂದುಕೊಟ್ಟೆ. ಅದೂ ಕಳಚಿತು.

ಆಮೇಲೆ ಮೆಟ್ಟುಗತ್ತಿ ಮುಂದೆ ಕೂತಾಗ ಎಡಗೈಯಿಂದ ಅಡಿಕೆ ಜಾರತೊಡಗಿತು. ಕತ್ತಿಯ ಕಡೆ ನೋಡದೆಯೇ ಐವತ್ತು ವರ್ಷ ಸುಲಿದವನು ಒಂದೇ ವಾರದಲ್ಲಿ ಮೂರು ಸಲ ಬೆರಳು ಕೊಯ್ದುಕೊಂಡ. ಊಟ ಮಾಡಿದ್ದು ಮರೆತು ಮತ್ತೆ ಬಾಳೆ ಹಾಕು ಅಂದ. ವಯಸ್ಸು 74, ಅರಳು ಮರಳು ಅಂದುಕೊಂಡೆವು. ನಾನು ಅವನ ಮೇಲೆ ರೇಗಿದ್ದೂ ಉಂಟು.

ಶಿರಸಿಯಲ್ಲಿ ಸಿ.ಟಿ. ಮಾಡಿಸಿದಾಗ ಬಲಬದಿಯ ಬುರುಡೆಗೆ ಅಂಟಿಕೊಂಡಂತೆ ಬೂದು ಬಣ್ಣದ ಅರ್ಧಚಂದ್ರ. ಮೆದುಳಿನ ನಡುಗೆರೆ 9 ಮಿ.ಮೀ. ಎಡಕ್ಕೆ ಸರಿದಿತ್ತು. "ಎಲ್ಲಾದರೂ ಬಿದ್ದಿದ್ರಾ?" ಇಲ್ಲ ಅಂದೆವು. ಮನೆಗೆ ಬಂದ ಮೇಲೆ ಆಯಿಗೆ, ಅಂದರೆ ಅಮ್ಮನಿಗೆ, ನೆನಪಾಯಿತು. ದೀಪಾವಳಿಯ ಗೋಪೂಜೆ ದಿನ ಕೊಟ್ಟಿಗೆ ಬಾಗಿಲಿನ ತೊಲೆಗೆ ಅಪ್ಪನ ತಲೆ ಬಡಿದಿತ್ತು. ಎಣ್ಣೆ ಸವರಿಕೊಂಡು ಹೋಳಿಗೆ ಉಂಡಿದ್ದ. ಆರು ವಾರದ ಹಿಂದಿನ ಮಾತು!

ಹುಬ್ಬಳ್ಳಿಯ ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ಹೇಳಿದರು. ವಯಸ್ಸಾದಂತೆ ಮೆದುಳು ಕುಗ್ಗುತ್ತದೆ. ಅದರಿಂದ ಡ್ಯೂರಾ ಎಂಬ ಹೊರಪೊರೆಯವರೆಗೆ ಹೋಗುವ ಸಣ್ಣ ರಕ್ತನಾಳಗಳು ಎಳೆದುಕೊಂಡಂತಾಗುತ್ತವೆ. ಅಂಥದ್ದೊಂದು ಹರಿಯಲು ಸಣ್ಣ ಪೆಟ್ಟು ಸಾಕು. ಒಸರಿದ ರಕ್ತದ ಸುತ್ತ ತೆಳು ಪೊರೆ ಬೆಳೆಯುತ್ತದೆ, ಆ ಪೊರೆಯ ನಾಳಗಳೇ ಮತ್ತೆ ಮತ್ತೆ ಒಸರುತ್ತವೆ. ಹಾಗೆ ವಾರಗಟ್ಟಲೆ ಬೆಳೆಯುವ ರಕ್ತದ ಚೀಲಕ್ಕೆ ಕ್ರಾನಿಕ್ ಸಬ್‌ಡ್ಯೂರಲ್ ಹೆಮಟೋಮಾ ಅನ್ನುತ್ತಾರೆ.

ತೊಡಕಾಗಿದ್ದು ಹೃದಯದ ಮಾತ್ರೆ. ಹಿಂದಿನ ವರ್ಷ ಅಪ್ಪನಿಗೆ ಸ್ಟೆಂಟ್ ಹಾಕಿತ್ತು, ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ದಿನವೂ ನುಂಗುತ್ತಿದ್ದ. ಯಾವ ಕಾರಣಕ್ಕೂ ನಿಲ್ಲಿಸಬೇಡಿ ಅಂದಿದ್ದರು ಹೃದಯದ ಡಾಕ್ಟರು. ಇವತ್ತೇ ನಿಲ್ಲಿಸಿ ಅಂದರು ತಲೆಯ ಡಾಕ್ಟರು. ಇಬ್ಬರೂ ಸರಿ, ನಡುವೆ ಫೋನ್ ಹಿಡಿದು ನಿಂತವನು ನಾನು. ನಿಲ್ಲಿಸಿದರೂ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳ ಮೇಲಿನ ಆ ಮಾತ್ರೆಗಳ ಪರಿಣಾಮ ಇಳಿಯಲು 7ರಿಂದ 10 ದಿನ ಬೇಕಂತೆ. ಅಷ್ಟು ಕಾಯುವ ಹಾಗಿರಲಿಲ್ಲ, ಅಪ್ಪ ಕೂತಲ್ಲೇ ತೂಕಡಿಸತೊಡಗಿದ್ದ. "ಸಣ್ಣ ಆಪರೇಷನ್" ಅಂದರು. ಗೋಡೆಗೆ ಕಾಗದ ಒತ್ತಿ, ಓದದೆ ಸಹಿ ಮಾಡಿದೆ.

ಬುರುಡೆಯಲ್ಲಿ ರೂಪಾಯಿ ನಾಣ್ಯಕ್ಕಿಂತ ಚಿಕ್ಕ ಎರಡು ತೂತು. "ಹಳೇ ರಕ್ತರೀ, ಗಾಡಿ ಆಯಿಲ್ ಬದಲಿ ಮಾಡುವಾಗ ಬರ್ತದಲ್ಲ, ಹಂಗ" ಅಂದರು ಡಾಕ್ಟರು. ಉಳಿದದ್ದು ಬಸಿಯಲು ಎರಡು ದಿನ ಒಂದು ನಳಿಗೆ. ಮರುದಿನ ಬೆಳಿಗ್ಗೆ ಅಪ್ಪ ಎಡಗೈಯಲ್ಲಿ ಚಾ ಲೋಟ ಹಿಡಿದ. ಆಯಿ ಮಾರಿಕಾಂಬೆಗೆ ಹರಕೆ ಹೇಳಿಕೊಂಡಳು.

ಮೂರನೇ ವಾರ ಚಪ್ಪಲಿ ಮತ್ತೆ ಕಳಚಿತು.

ಈ ಸಲ ಹುಬ್ಬಳ್ಳಿಯ ದಾರಿ ಮುಗಿಯಲೇ ಇಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಅಷ್ಟು ಕೂಗಿದೆವಲ್ಲ, ಅದೆಲ್ಲ ಮುಂಡಗೋಡದ ರಸ್ತೆಯ ಪ್ರತಿ ಹೊಂಡಕ್ಕೂ ನೆನಪಾಯಿತು. ಸೋದರಮಾವ ಫೋನಿನಲ್ಲಿ, "ಒಂದೇ ಸಲಕ್ಕೆ ಸರಿ ಮಾಡಲೆ ಬತ್ತಿಲ್ಯ ಅವಕ್ಕೆ? ಕೇಸ್ ಹಾಕು ಮಾರಾಯ" ಅಂದ. ನನಗೂ ಹಾಗೇ ಅನ್ನಿಸಿತ್ತು, ಸುಳ್ಳು ಯಾಕೆ. ಎರಡನೇ ಸಹಿಗೆ ಮುಂಚೆ ಕಾಗದವನ್ನು ಸಾಲುಸಾಲಾಗಿ ಓದಿದೆ. ಮತ್ತೆ ರಕ್ತ ತುಂಬಬಹುದು. ಫಿಟ್ಸ್ ಬರಬಹುದು. ಸೋಂಕು, ತಲೆಯೊಳಗೆ ಗಾಳಿ, ಪಾರ್ಶ್ವವಾಯು, ಸಾವು. ಎಲ್ಲ ಮೊದಲನೇ ಕಾಗದದಲ್ಲೂ ಇತ್ತು. ನೂರರಲ್ಲಿ ಹತ್ತಿಪ್ಪತ್ತು ಜನರಿಗೆ ಹೀಗೆ ಮರಳುತ್ತದೆ ಅಂದರು ಡಾಕ್ಟರು. ಕುಗ್ಗಿದ ಮೆದುಳು ಮತ್ತೆ ಉಬ್ಬಿ ಜಾಗ ತುಂಬುವುದಿಲ್ಲ, ಖಾಲಿ ಜಾಗದಲ್ಲಿ ಪೊರೆ ಮತ್ತೆ ಒಸರುತ್ತದೆ. ಆ ಪೊರೆಗೆ ರಕ್ತ ಕೊಡುವ ನಾಳವನ್ನೇ ತೊಡೆಯಿಂದ ತೂರಿಸಿದ ನಳಿಕೆಯ ಮೂಲಕ ಮುಚ್ಚುವ ಚಿಕಿತ್ಸೆಯೂ ಈಗ ಇದೆಯಂತೆ. ಮತ್ತೊಮ್ಮೆ ತುಂಬಿದರೆ ಅದನ್ನು ಯೋಚಿಸೋಣ ಅಂದರು.

ಹಳೇ ತೂತುಗಳನ್ನೇ ಮತ್ತೆ ತೆರೆದರು. ಆ ರಾತ್ರಿ ಅಪ್ಪನ ಎಡಗೈ ತಾನಾಗಿ ಪಟಪಟ ಬಡಿದುಕೊಳ್ಳತೊಡಗಿತು, ಬಾಯಿ ಒಂದು ಕಡೆಗೆ ಎಳೆಯಿತು. ಎರಡು ನಿಮಿಷ ಇದ್ದೀತು. ಕಾಗದದಲ್ಲಿ ಓದಿದ್ದರಿಂದ ಅದು ಫಿಟ್ಸ್ ಎಂದು ಗೊತ್ತಾಗಿ ಸಿಸ್ಟರನ್ನು ಕೂಗಿದೆ. ಓದಿದ್ದಕ್ಕೆ ಕೈಕಾಲು ನಡುಗುವುದೇನೂ ನಿಲ್ಲಲಿಲ್ಲ.

ಫಿಟ್ಸ್‌ನ ಮಾತ್ರೆ ಇನ್ನೂ ನಡೆದಿದೆ. ಕೆಲವು ವಾರ ಕಳೆದು, ಸ್ಕ್ಯಾನ್ ನೋಡಿ, ಇಬ್ಬರು ಡಾಕ್ಟರೂ ಮಾತಾಡಿಕೊಂಡು ಆಸ್ಪಿರಿನ್ ಒಂದನ್ನೇ ಮತ್ತೆ ಶುರುಮಾಡಿದರು. ಅಪ್ಪ ಪೇಪರ್ ಓದುವಾಗ ತಲೆಯ ಎರಡು ತಗ್ಗುಗಳನ್ನು ಬೆರಳಿನಿಂದ ಸವರಿಕೊಳ್ಳುತ್ತಾನೆ. ಮೆಟ್ಟುಗತ್ತಿ ಮುಟ್ಟಲು ಆಯಿ ಬಿಡುವುದಿಲ್ಲ, ಅದಕ್ಕೆ ದಿನಾ ಜಗಳ.

ಕೊಟ್ಟಿಗೆಯ ತೊಲೆಗೆ ಗೋಣಿಚೀಲ ಸುತ್ತಿದ್ದೇನೆ. ಅಪ್ಪ ಬಗ್ಗಿಯೇ ಹೋಗುತ್ತಾನೆ. ಮೊನ್ನೆ ಬಡಿದದ್ದು ನನ್ನ ತಲೆ. ಅವತ್ತಿನಿಂದ ನಾನು ಅಂಗಳ ದಾಟುವಾಗೆಲ್ಲ ಆಯಿ ಜಗಲಿಯಲ್ಲಿ ನಿಂತು ನನ್ನ ಚಪ್ಪಲಿ ನೋಡುತ್ತಾಳೆ. ಆರು ವಾರ ನೋಡುವವಳಂತೆ.